ಬಿಸಿಲು, ಸೆಕೆ, ಝಳ, ಕಾವು



ಪ್ರತಿ ವರ್ಷ ಏಪ್ರಿಲ್ 22ರ ಆಸುಪಾಸಿನಲ್ಲಿ ನಂಜನಗೂಡಿನ ತೇರಿನ ಬೀದಿಯಲ್ಲೋ ತಿರುಮಕೂಡಲು ನರಸೀಪುರದ ಹೊಳೆದಡದಲ್ಲೋ ಮಧ್ಯಾಹ್ನ 12 ಗಂಟೆ 20 ನಿಮಿಷ ದಾಟಿದ ಗಳಿಗೆಯಲ್ಲಿ ನೆಟ್ಟಗೆ ನಿಂತುಕೊಂಡರೆ ನಮ್ಮ ನೆರಳು ನಮಗೆ ಕಾಣುವುದಿಲ್ಲ. ಅದು ಪಾದದಡಿ ಸೇರಿಬಿಟ್ಟಿರುತ್ತದೆ. ಈ ಎರಡು ಊರುಗಳೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿವೆ. ಉತ್ತರಕ್ಕೆ ಸರಿಯುತ್ತಿರುವ ಸೂರ್ಯ ಆ ಹೊತ್ತಿಗೆ ನಮ್ಮ ನೆತ್ತಿಯ ಮೇಲೆಯೇ ಬಂದಿರುತ್ತಾನೆ. ಮರಳಿ ದಕ್ಷಿಣಕ್ಕೆ ಹೋಗುವಾಗ ಆಗಸ್ಟ್ 20ರ ಸುಮಾರಿಗೆ ಇನ್ನೊಮ್ಮೆ ನೆತ್ತಿಗೆ ಬರುತ್ತಾನೆ. ಆಗ ಮೋಡ ಇರುತ್ತದೆ, ನೆಲ ಒದ್ದೆಯಾಗಿರುತ್ತದೆ, ನಮ್ಮ ಗಮನಕ್ಕೆ ಬರುವುದಿಲ್ಲ. ಏಪ್ರಿಲಿನದು ಬರಿಯ ಆಕಾಶದ ಸೂರ್ಯ. 'ಹೊತ್ತು ನೆತ್ತಿಗೆ ಬಂತು' ಎಂದು ಹೊಲದಲ್ಲಿ ಹೇಳುವ ಮಾತು ಈ ಸೀಮೆಯಲ್ಲಿ ಅಕ್ಷರಶಃ ಸತ್ಯ.

ಇದೇ ದಿನಗಳಲ್ಲಿ ನಮ್ಮ ಮಕ್ಕಳು ಇಂಗ್ಲಿಷಿನ ಗುಣವಾಚಕಗಳ ಪಟ್ಟಿ ಹಿಡಿದು ಕೂತಿರುತ್ತಾರೆ. ಹಾಟ್, ವಾರ್ಮ್, ಸಲ್ಟ್ರಿ, ಮಗ್ಗಿ, ಟಾರಿಡ್, ಸ್ಕಾರ್ಚಿಂಗ್, ಸ್ವೆಲ್ಟರಿಂಗ್, ಸಿಜ್ಲಿಂಗ್, ಬ್ಲಿಸ್ಟರಿಂಗ್. ಕಾಗುಣಿತ ತಪ್ಪದೆ ಬರೆಯುತ್ತಾರೆ. ಅರ್ಥ ಕೇಳಿದರೆ ಒಂಬತ್ತು ಪದಕ್ಕೂ 'ತುಂಬಾ ಬಿಸಿ' ಎಂಬ ಒಂದೇ ಉತ್ತರ. ಕಲಿಯುವ ಮಕ್ಕಳನ್ನು ಕಂಡರೆ ನನಗೆ ಸಂತೋಷವೇ. ಇಂಗ್ಲಿಷ್ ಅವರಿಗೆ ಬೇಕು, ಚೆನ್ನಾಗಿಯೇ ಬೇಕು. ಆದರೆ ಆ ಒಂಬತ್ತು ಪದಗಳ ನಡುವಿನ ವ್ಯತ್ಯಾಸ ಆ ಮಗುವಿನ ಅಜ್ಜಿಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬಂದು ಹೋಗುತ್ತಿದೆ, ಅದನ್ನು ಮಗುವಿಗೆ ಯಾರೂ ತೋರಿಸಿಕೊಡುತ್ತಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಅಜ್ಜಿಯ ಮಾತುಗಳ ಬಗ್ಗೆ. ಅವು ಬೇಸಿಗೆಯನ್ನು ಅಳೆಯುವ ಮಾತುಗಳು. ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತಿರುವ ಕಾಲದಲ್ಲಿ ಆ ಅಳತೆ ನಮ್ಮ ಕೈತಪ್ಪಬಾರದು.

ಮೊದಲು ಇಂಗ್ಲಿಷಿನ ಪಟ್ಟಿಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ಹಲವು, ಅದರ ಹೊರಗಿನ ಇನ್ನೂ ಕೆಲವು, ಕ್ರಿಯಾಪದಗಳೇ. ಸುಟ್ಟು ಕರಕಾಗಿಸುವುದು, ಬೊಬ್ಬೆ ಏಳಿಸುವುದು, ಕುದಿಸುವುದು, ಬೇಯಿಸುವುದು, ಹುರಿಯುವುದು, ಇವುಗಳಿಗೆ ಕೊನೆಯಲ್ಲಿ ಒಂದು 'ಇಂಗ್' ಸೇರಿಸಿ ಗುಣವಾಚಕ ಮಾಡಿಕೊಂಡಿದ್ದಾರೆ. 'ಸಿಜ್ಲ್' ಎಂಬುದು ಕಾದ ಬಾಣಲೆಯ ಸದ್ದನ್ನು ಅನುಕರಿಸಿ ಹುಟ್ಟಿದ ಪದ, ನಮ್ಮ 'ಚುರ್' ಇದ್ದ ಹಾಗೆ. 'ಸ್ವೆಲ್ಟರ್' ಪದದ ಬೇರು ಹಳೆಯ ಇಂಗ್ಲಿಷಿನಲ್ಲಿದೆ, ಅಲ್ಲಿ ಅದಕ್ಕೆ ಸಾಯುವುದು ಎಂದು ಅರ್ಥ. 'ಸಲ್ಟ್ರಿ' ಅದರದೇ ಬಳಗ. 'ಟಾರಿಡ್' ಲ್ಯಾಟಿನ್ನಿನಿಂದ ಬಂದದ್ದು, ಒಣಗಿಸಿ ಸುಡುವುದು ಅದರ ಮೂಲ. ಬೆಳಗಿನ ತಿಂಡಿಗೆ ಬ್ರೆಡ್ಡನ್ನು 'ಟೋಸ್ಟ್' ಮಾಡುವ ಪದವೂ ಅಲ್ಲಿಂದಲೇ ಬಂದಿದೆ. ತಣ್ಣನೆಯ ದೇಶದ ಜನ ಕಾವನ್ನು ಹೇಳಲು ಅಡುಗೆಮನೆಗೆ ಹೋದರು, ಸಾವಿನ ಮಾತನ್ನೂ ತಂದರು. ಅವರ ನಾಡಿನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ್ದು ಮೊದಲ ಬಾರಿಗೆ ದಾಖಲಾದದ್ದು 2022ರ ಜುಲೈ 19ರಂದು. ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ ಅಂದು 40.3 ಡಿಗ್ರಿ ಇತ್ತು.

ಈಗ ನಮ್ಮ ಕಡೆಗೆ ಬನ್ನಿ. ಕನ್ನಡದಲ್ಲಿ ಬಿಸಿಲಿಗೆ ಗುಣವಾಚಕ ಹಚ್ಚುವುದಕ್ಕಿಂತ ಬಿಸಿಲಿನ ಕೈಯಲ್ಲಿ ಕೆಲಸ ಮಾಡಿಸುವುದೇ ಹೆಚ್ಚು. ಬಿಸಿಲು ಬೀಳುತ್ತದೆ, ಏರುತ್ತದೆ, ಕಾಯುತ್ತದೆ, ಚುರುಗುಟ್ಟುತ್ತದೆ, ಹೊಡೆಯುತ್ತದೆ, ಇಳಿಯುತ್ತದೆ. ಇವುಗಳಲ್ಲಿ ಯಾವ ಎರಡೂ ಒಂದೇ ಹೊತ್ತಿನವಲ್ಲ. ಬೆಳಿಗ್ಗೆ ಏಳರ ಬಿಸಿಲು 'ಬೀಳುತ್ತದೆ', ಅದು ಎಳೆಬಿಸಿಲು. ನೀರು ಹಾಕಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಜಗಲಿಯಲ್ಲಿ ಹಿಡಿಯುವುದು ಆ ಬಿಸಿಲಿಗೆ. ಒಂಬತ್ತರ ಹೊತ್ತಿಗೆ ಬಿಸಿಲು 'ಏರುತ್ತದೆ', 'ಹೊತ್ತು ಮಾರುದ್ದ ಬಂತು' ಎಂದು ಕೂಲಿಯವರು ಮುಖ ನೋಡಿಕೊಳ್ಳುತ್ತಾರೆ. ಹನ್ನೊಂದಕ್ಕೆ 'ಚುರುಗುಟ್ಟುತ್ತದೆ', ಅಂದರೆ ಬೆನ್ನಿನ ಚರ್ಮಕ್ಕೆ ಗೊತ್ತಾಗುತ್ತದೆ. ಆಮೇಲೆ ಬಿರುಬಿಸಿಲು, ಉರಿಬಿಸಿಲು, ಸುಡುಬಿಸಿಲು. ಆ ಹೊತ್ತಿನಲ್ಲಿ ದಾರಿಯಲ್ಲಿ ಯಾರಾದರೂ ಕಂಡರೆ ಈ ಸೀಮೆಯಲ್ಲಿ ಕೇಳುವ ಮಾತು ಇದು: 'ಎಲ್ಲೋಗಿದ್ಯಪ್ಪ ಈ ಉರ್‌ಬಿಸ್ಲಲ್ಲಿ, ಬಾ ನೆಳ್ಳಿಗೆ.' ನಾಲ್ಕೂವರೆಯ ಮೇಲೆ ಇಳಿಬಿಸಿಲು. ಅದರ ಹಿಂದೆಯೇ 'ತಂಪೊತ್ತು' ಬರುತ್ತದೆ.

ತಂಪೊತ್ತು ಎಂಬುದು ನನಗೆ ತುಂಬ ಇಷ್ಟವಾದ ಮಾತು. ತಂಪು ಹೊತ್ತು ಎಂದು ಬಿಡಿಸಿ ಹೇಳಿದರೆ ಅದರ ಜೀವ ಅರ್ಧ ಹೋಗುತ್ತದೆ. ಬೆಳಗಿನ ಜಾವಕ್ಕೂ ಅದೇ ಹೆಸರು, ಸಂಜೆಗೂ ಅದೇ ಹೆಸರು. ಗದ್ದೆಗೆ ಹೋಗುವುದು ತಂಪೊತ್ತಿನಲ್ಲಿ, ಸೊಪ್ಪು ಕೊಯ್ಯುವುದು ತಂಪೊತ್ತಿನಲ್ಲಿ, ಮೊಲ್ಲೆ ಮಲ್ಲಿಗೆ ಬಿಡಿಸುವುದು ತಂಪೊತ್ತಿನಲ್ಲಿ. ಉಪಕಾರ ಮಾಡಿದವರನ್ನು 'ತಂಪು ಹೊತ್ತಿನಲ್ಲಿ ನೆನೆಯಬೇಕು' ಎನ್ನುತ್ತೇವೆ. ಒಳ್ಳೆಯವರನ್ನು ನೆನೆಯುವುದಕ್ಕೂ ಒಳ್ಳೆಯ ಹೊತ್ತೇ ಆಗಬೇಕು ಎಂಬುದು ಬಿಸಿಲಲ್ಲಿ ದುಡಿಯುವ ಜನರಿಗೆ ಮಾತ್ರ ಹೊಳೆಯುವ ವಿಚಾರ.

ಇಷ್ಟೂ ಬಿಸಿಲಿನ ಮಾತಾಯಿತು. ಸೆಕೆ ಬೇರೆ. ಝಳ ಬೇರೆ. ಕಾವು ಬೇರೆ. ಧಗೆ ಬೇರೆ. ಇವನ್ನು ನಾವು ಇತ್ತೀಚೆಗೆ ಬೆರೆಸಿ ಹೇಳತೊಡಗಿದ್ದೇವೆ, 'ಹೀಟು' ಎಂಬ ಒಂದೇ ಪದದೊಳಗೆ ಎಲ್ಲವನ್ನೂ ತುರುಕುತ್ತಿದ್ದೇವೆ. ಹಳಬರು ಬೆರೆಸುತ್ತಿರಲಿಲ್ಲ. ನಮ್ಮ ಎರಡು ತಾಲ್ಲೂಕುಗಳ ನೆಲವನ್ನು ನೋಡಿದರೆ ಅದಕ್ಕೆ ಕಾರಣ ಗೊತ್ತಾಗುತ್ತದೆ.

ನರಸೀಪುರ ತಾಲ್ಲೂಕು ನೀರಿನ ನೆಲ. ಕಾವೇರಿ, ಕಬಿನಿ ಎರಡೂ ಅಲ್ಲಿ ಕೂಡುತ್ತವೆ. ನಾಲೆಯ ನೀರು ಸಿಕ್ಕಲ್ಲಿ ಬೇಸಿಗೆಯಲ್ಲೂ ಬತ್ತ ನಿಂತಿರುತ್ತದೆ. ಏಪ್ರಿಲ್ ಮಧ್ಯಾಹ್ನ ನೀರು ನಿಂತ ಗದ್ದೆಯಲ್ಲಿ ಬಗ್ಗಿ ಕಳೆ ತೆಗೆಯುವ ಹೆಂಗಸಿನ ಮುಖಕ್ಕೆ ಕೆಳಗಿನಿಂದ ಹಬೆ ಹೊಡೆಯುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಅದು ಸೆಕೆ. ನಂಜನಗೂಡಿನಿಂದ ಗುಂಡ್ಲುಪೇಟೆಯ ದಾರಿ ಹಿಡಿದು ನಾಲೆಯ ನೀರು ಮುಟ್ಟದ ಬೆದ್ದಲಿಗೆ ಹೋದರೆ ಅಲ್ಲಿ ಸೆಕೆ ಕಡಿಮೆ, ಬಿಸಿಲೇ ಹೆಚ್ಚು. ಬೆವರು ಬಂದದ್ದೇ ತಿಳಿಯದ ಹಾಗೆ ಆರಿಹೋಗುತ್ತದೆ. ಸಂಜೆ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿದಿರುತ್ತದೆ. ಗದ್ದೆಯಿಂದ ಬಂದವಳು 'ಬೆಂದೋದೆ ಕನವ್ವ' ಎನ್ನುತ್ತಾಳೆ. ಬೆದ್ದಲಿನಿಂದ ಬಂದವನು 'ಒಣಗೋದೆ ಕನಪ್ಪ' ಎನ್ನುತ್ತಾನೆ. ಬೇಯುವುದಕ್ಕೆ ನೀರು ಬೇಕು, ಒಣಗುವುದಕ್ಕೆ ಬೇಡ. ಹವಾಮಾನ ಶಾಸ್ತ್ರ ತೇವದ ಕಾವು, ಒಣ ಕಾವು ಎಂದು ಮಾಡುವ ವಿಂಗಡಣೆ ಈ ಎರಡು ಮಾತುಗಳಲ್ಲಿ ಪೂರ್ತಿಯಾಗಿ ಇದೆ.

ಶರೀರದ ಲೆಕ್ಕದಲ್ಲಿಯೂ ಈ ಭೇದ ಬಹಳ ದೊಡ್ಡದು. ನಮ್ಮ ಮೈಯೊಳಗಿನ ಉಷ್ಣಾಂಶ 37 ಡಿಗ್ರಿಯ ಹತ್ತಿರ ನಿಲ್ಲಬೇಕು. ಹೊರಗೆ ಅಷ್ಟೇ ಕಾವಿದ್ದಾಗ ಮೈ ತಣಿಯಲು ಇರುವುದು ಒಂದೇ ದಾರಿ, ಬೆವರು ಆರುವುದು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರಲು ಜಾಗವಿಲ್ಲ. ಆದ್ದರಿಂದ 36 ಡಿಗ್ರಿಯ ಸೆಕೆ 40 ಡಿಗ್ರಿಯ ಒಣಬಿಸಿಲಿಗಿಂತ ಹೆಚ್ಚು ಅಪಾಯ ಮಾಡಬಲ್ಲದು. ಕಲಬುರಗಿ, ರಾಯಚೂರಿನ ಜನ ನಮ್ಮ ಕಡೆ ಬಂದು 'ನಿಮ್ಮದೇನು ಬಿಸಿಲು' ಎನ್ನುತ್ತಾರೆ, ನಿಜ. ಅವರೇ ಮಂಗಳೂರಿಗೆ ಹೋದರೆ ಅಲ್ಲಿನ ಸೆಕೆ ತಾಳಲಾರದೆ ಒದ್ದಾಡುತ್ತಾರೆ. ಮಗು ಕಲಿಯುತ್ತಿರುವ 'ಸಲ್ಟ್ರಿ', 'ಮಗ್ಗಿ' ಎರಡೂ ನಮ್ಮ ಸೆಕೆಯೇ. 'ಟಾರಿಡ್', 'ಸ್ಕಾರ್ಚಿಂಗ್' ಎರಡೂ ಬೆದ್ದಲಿನ ಬಿಸಿಲು. ಗದ್ದೆ ಮತ್ತು ಬೆದ್ದಲನ್ನು ತೋರಿಸಿ ಕಲಿಸಿದರೆ ಆ ಪದಗಳನ್ನು ಮಗು ಜನ್ಮದಲ್ಲಿ ಮರೆಯುವುದಿಲ್ಲ.

ಝಳ ಎಂದರೆ ದೂರದಿಂದ ಬಂದು ಮುಖಕ್ಕೆ ಬಡಿಯುವ ಕಾವು. ಒಲೆಯ ಝಳ, ಡಾಂಬರಿನ ಝಳ, ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗಿನ ಗುಳಿಯಿಂದ ಬರುವ ಝಳ. ಕಾವು ಹಾಗಲ್ಲ, ಅದು ವಸ್ತುವಿನ ಒಳಗೆ ಕೂತಿರುವುದು, ಮುಟ್ಟಿದರೆ ತಿಳಿಯುವುದು. ತಲಕಾಡಿಗೆ ಬೇಸಿಗೆಯಲ್ಲಿ ಹೋದವರಿಗೆ ಈ ಎರಡರ ಭೇದ ಪಾದದಿಂದಲೇ ಅರ್ಥವಾಗುತ್ತದೆ. ಅಲ್ಲಿ ಪಾತಾಳೇಶ್ವರ, ಮರುಳೇಶ್ವರ ಗುಡಿಗಳ ಸುತ್ತ ಮರಳಿನ ದಿಬ್ಬಗಳು. ಮೆಟ್ಟು ಬಿಟ್ಟು ಮಧ್ಯಾಹ್ನ ಮರಳಿನ ಮೇಲೆ ಕಾಲಿಟ್ಟರೆ ನಿಲ್ಲಲಾಗುವುದಿಲ್ಲ, ಓಡಬೇಕು. ಆದರೆ ಅದೇ ಮರಳನ್ನು ಕಾಲಿನಿಂದ ಒಂದು ಗೇಣು ಕೆದಕಿ ನೋಡಿ, ಒಳಗೆ ತಣ್ಣಗಿರುತ್ತದೆ. ಒಣ ಮರಳಿನ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಕಾವು ಕೆಳಕ್ಕೆ ಬೇಗ ಇಳಿಯುವುದಿಲ್ಲ, ಮೇಲಿನ ಪದರದಲ್ಲೇ ಉಳಿದು ಅದನ್ನು ಸುಡುವಂತೆ ಮಾಡುತ್ತದೆ. ಸಂಜೆ ಆರೂವರೆಗೆ ಅದೇ ಮರಳ ಮೇಲೆ ಮಕ್ಕಳು ಕೂತು ಆಡಬಹುದು, ಅಷ್ಟು ಬೇಗ ಆರುತ್ತದೆ.

ಕಲ್ಲಿನ ಸ್ವಭಾವ ಬೇರೆ. ಸೋಮನಾಥಪುರದ ಕೇಶವ ದೇವಾಲಯವೂ ನರಸೀಪುರ ತಾಲ್ಲೂಕಿನದೇ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಶಿಲ್ಪ ನೋಡುತ್ತಾ ಬರಿಗಾಲಲ್ಲಿ ಅಂಗಳ ಸುತ್ತುವವರು ಬೇಸಿಗೆಯಲ್ಲಿ ಗೋಡೆಯ ನೆರಳಿನ ಗೆರೆ ಹಿಡಿದೇ ನಡೆಯುತ್ತಾರೆ. ಚಪ್ಪಡಿ ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ, ಹೊತ್ತು ಮುಳುಗಿದ ಮೇಲೂ ಅದರ ಮೇಲೆ ಕೂತರೆ ಬೆಚ್ಚಗಿರುತ್ತದೆ. ಈ ಗುಣವೇ ನಮ್ಮ ತಾರಸಿ ಮನೆಗಳಿಗೂ ಬಂದಿದೆ. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು ರಾತ್ರಿ ಹತ್ತರವರೆಗೆ ಮನೆಯೊಳಕ್ಕೆ ಬಿಡುತ್ತಿರುತ್ತದೆ. ಬಿಸಿಲು ಇಲ್ಲ, ಝಳ ಇಲ್ಲ, ಗಾಳಿಯೂ ಇಲ್ಲ, ಆದರೂ ಮಲಗಲಾಗದು. ಆ ಸ್ಥಿತಿಗೆ ಧಗೆ ಎಂದು ಹೆಸರು. ನಾಡಹೆಂಚಿನ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದವರು ಧಗೆ ಎಂಬ ಮಾತನ್ನು ಕಡಿಮೆ ಬಳಸುತ್ತಿದ್ದರು. ಈಗ ಅದು ಮನೆಮನೆಯ ಮಾತಾಗಿದೆ.

ಹೀಗೆ ನೋಡಿದರೆ ಬಿಸಿಲು ಸೂರ್ಯನಿಂದ ನೇರ ಬರುವುದು, ಝಳ ಬಿಸಿಯಾದ ವಸ್ತುವಿನಿಂದ ಹೊಮ್ಮುವುದು, ಕಾವು ಮುಟ್ಟಿ ತಿಳಿಯುವುದು, ಸೆಕೆ ತೇವದ ಗಾಳಿಯದು, ಧಗೆ ಗಾಳಿಯಾಡದ ಕಡೆ ಉಳಿದದ್ದು. ಶಾಲೆಯ ವಿಜ್ಞಾನದ ಪುಸ್ತಕ ವಿಕಿರಣ, ವಹನ, ಸಂವಹನ ಎಂದು ಮೂರು ಹೆಸರು ಕೊಟ್ಟು ಪರೀಕ್ಷೆಗೆ ಕೇಳುತ್ತದೆ. ಮಗುವಿಗೆ ಆ ಮೂರೂ ಮನೆಯಲ್ಲೇ ಗೊತ್ತಿವೆ ಎಂಬುದನ್ನು ಪುಸ್ತಕ ಹೇಳುವುದಿಲ್ಲ.

ಒಂದು ಮಾತನ್ನು ಮಾತ್ರ ಈ ಸೀಮೆಯ ಹೊರಗಿನವರು ಕೇಳಿದರೆ ಬೆಚ್ಚಿಬೀಳಬಹುದು. ರೇಷ್ಮೆ ಸಾಕುವ ಮನೆಯವರು ಬೆಳಿಗ್ಗೆ ಹುಳುಮನೆಯಿಂದ ಹೊರಗೆ ಬಂದು 'ಹುಳ ಎರಡನೇ ಜ್ವರಕ್ಕೆ ಕೂತವೆ' ಎನ್ನುತ್ತಾರೆ. ಕಾಯಿಲೆಯ ಮಾತಲ್ಲ ಅದು. ರೇಷ್ಮೆಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಊಟ ಬಿಟ್ಟು ಮಂಕಾಗಿ ಕೂತ ಜೀವಕ್ಕೆ ಜ್ವರ ಎಂದೇ ಹೆಸರಿಟ್ಟರು. ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ. ಜ್ವರಕ್ಕೆ ಕೂತಾಗ ಸೊಪ್ಪು ಹಾಕುವುದಿಲ್ಲ, ಮಲಗಿದ ಕೂಸನ್ನು ಹೇಗೋ ಹಾಗೆ ಸದ್ದಿಲ್ಲದೆ ಬಿಡುತ್ತಾರೆ. ಎಲ್ಲ ಹುಳವೂ 'ಜ್ವರ ಎದ್ದ' ಮೇಲೆ ಎಳೆಸೊಪ್ಪು. ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, 26ರಿಂದ 28 ಡಿಗ್ರಿ ಕಾವು ಬೇಕು, ಬಲಿತ ಹುಳಕ್ಕೆ 23ರಿಂದ 25 ಸಾಕು. ಹೊರಗೆ 36 ಇರುವ ಏಪ್ರಿಲಿನಲ್ಲಿ ಇದನ್ನು ಕಾಯುವುದು ಸಣ್ಣ ಕೆಲಸವಲ್ಲ. ಕಿಟಕಿಗೆ ಗೋಣಿತಾಟು ಕಟ್ಟಿ, ಗಂಟೆಗೊಮ್ಮೆ ಅದಕ್ಕೆ ನೀರು ಚಿಮುಕಿಸುತ್ತಾರೆ. ತಾಟಿನ ನೀರು ಆರುವಾಗ ಒಳಬರುವ ಗಾಳಿಯ ಕಾವನ್ನು ಎಳೆದುಕೊಳ್ಳುತ್ತದೆ. ಮೂಲೆಯಲ್ಲಿ ಒಂದು ಉಷ್ಣಮಾಪಕ ನೇತಾಡುತ್ತಿರುತ್ತದೆ ನಿಜ, ಆದರೆ ಒಳಗೆ ಕಾಲಿಟ್ಟ ಹೆಂಗಸು ಅದನ್ನು ನೋಡುವ ಮೊದಲೇ 'ಒಳಗೆ ಕಾವು ಜಾಸ್ತಿ ಅದೆ' ಎಂದು ತಾಟಿಗೆ ನೀರು ಹಾಕಲು ಹೋಗಿರುತ್ತಾಳೆ. ನರಸೀಪುರದಲ್ಲಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕಾರ್ಖಾನೆಯಲ್ಲಿ ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ನೂಲು ಬಿಚ್ಚುತ್ತಾರೆ, ಆ ನೂಲು ಮೈಸೂರು ರೇಷ್ಮೆ ಸೀರೆಯಾಗುತ್ತದೆ. ನಾಲ್ಕು ಜ್ವರ, ಒಂದು ಕುದಿ, ಆಮೇಲೆ ಸೀರೆ.

ಕಾವು ಎಂಬ ಪದವನ್ನು ನಾವು ಕೋಳಿಗೂ ಹೇಳುತ್ತೇವೆ. ಕೋಳಿ ಕಾವಿಗೆ ಕೂತರೆ ಇಪ್ಪತ್ತೊಂದು ದಿನಕ್ಕೆ ಮರಿ. ಬಾಣಂತಿಯ ಕೋಣೆ ಬೆಚ್ಚಗಿರಬೇಕು. ಸುಖದ ಸಂಸಾರಕ್ಕೆ ಏನೇನು ಬೇಕೆಂದು ಹೇಳುವಾಗ ಸರ್ವಜ್ಞ ಮೊದಲು ನೆನೆದದ್ದು ಬೆಚ್ಚಗಿನ ಮನೆಯನ್ನು. ಹಾಗಿದ್ದರೂ ನಾವು ಬಾಯ್ತುಂಬ ಹರಸುವಾಗ ಕರೆಯುವುದು ತಂಪನ್ನೇ. 'ನಿನ್ನ ಹೊಟ್ಟೆ ತಣ್ಣಗಿರಲಿ' ಎನ್ನುತ್ತೇವೆ. ಮಗ ಊರಿಗೆ ಬಂದರೆ ತಾಯಿಯ ಕಣ್ಣು ತಂಪಾಗುತ್ತದೆ. ಅಸೂಯೆ ಹೊಟ್ಟೆಯುರಿ, ಸಿಟ್ಟು ಕೆಂಡ, ದುಃಖ ಬೇಗೆ. ಇಂಗ್ಲಿಷಿನವರಿಗೆ ಪ್ರೀತಿಯ ಸ್ವಾಗತ 'ವಾರ್ಮ್', ಪ್ರೀತಿಯಿಲ್ಲದ ಮನಸ್ಸು 'ಕೋಲ್ಡ್'. ಹಿಮ ಬೀಳುವ ನಾಡಿನಲ್ಲಿ ಬಾಗಿಲು ತೆರೆದು ಒಲೆಯ ಬಳಿ ಕೂರಿಸುವುದೇ ದೊಡ್ಡ ಉಪಚಾರ. ನಮ್ಮಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಕೊಡುವುದು ಕಾಲಿಗೆ ನೀರು, ಕುಡಿಯಲು ನೀರು, ಜೊತೆಗೆ ಒಂದು ಚೂರು ಬೆಲ್ಲ. 'ವಾರ್ಮ್ ವೆಲ್ಕಮ್' ಅನ್ನು 'ಬಿಸಿ ಸ್ವಾಗತ' ಎಂದು ಕನ್ನಡದಲ್ಲಿ ಬರೆದರೆ ನಮ್ಮ ಅತಿಥಿ ಹಿಂದಿರುಗಿ ಹೋದಾನು. ನಮಗೆ ಅದು ತಂಪು ನೀರಿನ ಸ್ವಾಗತ.

ನಂಜನಗೂಡಿನ ದೇವರೇ ಈ ತಂಪಿನ ದೇವರು. ಲೋಕವನ್ನು ಸುಡುತ್ತಿದ್ದ ಹಾಲಾಹಲವನ್ನು ಕುಡಿದು ಕಂಠದಲ್ಲಿ ತಡೆದವನು ನಂಜುಂಡ. ಊರಿಗೆ ಗರಳಪುರಿ ಎಂಬ ಸಂಸ್ಕೃತದ ಹೆಸರೂ ಇದೆ, ಗರಳವೆಂದರೂ ನಂಜೇ. ಆ ಉರಿ ಆರಲೆಂದೇ ಅವನ ತಲೆಯ ಮೇಲೆ ಗಂಗೆ, ಚಂದ್ರ; ಅವನಿಗೆ ಸಲ್ಲುವುದು ಅಭಿಷೇಕ, ಬಿಲ್ವ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ, ಅದಾದ ಮೇಲೆ ಬಿಸಿಲು ಏರುವ ದಿನಗಳಲ್ಲೇ ದೊಡ್ಡ ಜಾತ್ರೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರು. ಸಾಮಾನ್ಯವಾಗಿ ಬೆಳಗಿನ ಮುಹೂರ್ತದಲ್ಲಿ, ಅಂದರೆ ತಂಪೊತ್ತಿನಲ್ಲೇ, ಎಳೆಯಲು ಶುರುಮಾಡುತ್ತಾರೆ. ಹೊಸದಾಗಿ ಮದುವೆಯಾದವರು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಬಾಳೆಹಣ್ಣಿಗೆ ಸಿಕ್ಕಿಸಿದ ಆ ಜವನದ ಎಸಳು ಬಿಸಿಲಿಗೆ ಬಾಡಿದಷ್ಟೂ ಕಂಪು ಬಿಡುತ್ತದೆ. ಹೊತ್ತೇರಿದ ಮೇಲೆ ಬೀದಿಯುದ್ದಕ್ಕೂ ಅರವಟ್ಟಿಗೆಗಳಲ್ಲಿ ನೀರುಮಜ್ಜಿಗೆ, ಪಾನಕ. ಅರವಟ್ಟಿಗೆಯ ಮಣ್ಣಿನ ಹರವಿಯನ್ನು ಒದ್ದೆ ಮರಳಿನ ಮೇಲೆ ಕೂರಿಸಿ, ಮೈಗೆ ಒದ್ದೆ ಬಟ್ಟೆ ಸುತ್ತಿರುತ್ತಾರೆ. ಹರವಿಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆರುತ್ತಾ ಒಳಗಿನ ನೀರನ್ನು ತಣಿಸುತ್ತದೆ. ನಮ್ಮ ಮೈ ಬೆವರುವುದೂ, ಹುಳುಮನೆಯ ಗೋಣಿತಾಟೂ, ಈ ಹರವಿಯೂ ನಡೆಯುವುದು ಒಂದೇ ನಿಯಮದಿಂದ.

ಮಳೆಯ ಮುನ್ಸೂಚನೆಯೂ ಈ ಮಾತುಗಳಲ್ಲೇ ಇದೆ. ಬಿಸಿಲು ಕಡಿಮೆ, ಮೋಡ ತೆಳ್ಳಗೆ, ಗಾಳಿ ನಿಂತಿದೆ, ಸೆಕೆ ಮಾತ್ರ ತಡೆಯಲಾಗದು ಎಂದಾಗ 'ಈ ಪಾಟಿ ಕಾಯಿಸ್ತಾ ಅದೆ, ಸಂಜೆಗೆ ಮಳೆ ಬತ್ತದೆ' ಎನ್ನುತ್ತಾರೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಹುಟ್ಟುತ್ತದೆ, ತಿಂಗಳ ಕೊನೆಗೆ ಭರಣಿ. ಹಗಲೆಲ್ಲ ಕಾದ ನೆಲದ ಮೇಲಿನ ತೇವದ ಗಾಳಿ ಮೇಲೇರಿ ಸಂಜೆ ಗುಡುಗು ಮಳೆಯಾಗುವುದು ಆ ದಿನಗಳ ರೀತಿ. ಬಿಸಿಲಿಗೆ ಮಳೆ ಬರುವುದಿಲ್ಲ, ಸೆಕೆಗೆ ಬರುತ್ತದೆ ಎಂಬುದನ್ನು ರೈತ ಅನುಭವದಿಂದ ಬಲ್ಲ.

ಇಷ್ಟೆಲ್ಲ ಹೇಳಿದ್ದು ಒಂದು ಬೇಡಿಕೆ ಮುಂದಿಡುವುದಕ್ಕೆ. ಬೇಸಿಗೆಯ ಎಚ್ಚರಿಕೆಗಳು ನಮಗೆ ಈಗ ಅಂಕಿಯಲ್ಲಿ ಬರುತ್ತವೆ. ಗರಿಷ್ಠ 37, ಗರಿಷ್ಠ 38. ಈ ಅಂಕಿ ಎಲ್ಲಿಯದು? ಹವಾಮಾನ ಕೇಂದ್ರದಲ್ಲಿ ನೆಲದಿಂದ ಎದೆಯೆತ್ತರದಲ್ಲಿ, ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ, ಬಿಸಿಲು ತಾಗದಂತೆ ಇಟ್ಟ ಉಷ್ಣಮಾಪಕದ ಅಂಕಿ. ಅಂದರೆ ಅದು ನೆರಳಿನ ಲೆಕ್ಕ. ವಿಜ್ಞಾನಕ್ಕೆ ಹಾಗೆಯೇ ಅಳೆಯಬೇಕು, ಅದು ಸರಿಯಾದ ಕ್ರಮ. ಆದರೆ ಕಬ್ಬಿನ ಹೊಲದಲ್ಲಿ, ಇಟ್ಟಿಗೆ ಗೂಡಿನ ಬಳಿ, ಟಾರು ಹಾಕುವ ರಸ್ತೆಯಲ್ಲಿ ನಿಂತವರು ಆ ಪೆಟ್ಟಿಗೆಯೊಳಗೆ ಇರುವುದಿಲ್ಲ. ಅವರಿಗೆ ಬಿಸಿಲೂ ಇದೆ, ಝಳವೂ ಇದೆ, ನೆಲದ ಕಾವೂ ಇದೆ. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ ಎಂದು ಭಾರತೀಯ ಹವಾಮಾನ ಇಲಾಖೆ ಸಾರುತ್ತದೆ. ನಮ್ಮ ಎತ್ತರದ ಮೈಸೂರು ಸೀಮೆ 40 ಮುಟ್ಟುವುದು ಅಪರೂಪ. ಹಾಗಾಗಿ ಎಚ್ಚರಿಕೆಯೂ ಅಪರೂಪ. 37ರ ಸೆಕೆಯಲ್ಲಿ ಗದ್ದೆಯಲ್ಲಿ ತಲೆ ತಿರುಗಿ ಬಿದ್ದವರಿಗೆ ಆ ಅಂಕಿ ಏನನ್ನೂ ಹೇಳಲಿಲ್ಲ.

ಬಾನುಲಿ ಇದನ್ನು ಸರಿಪಡಿಸಬಲ್ಲದು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂದ ದಿನದಿಂದ ಈ ಮಾಧ್ಯಮದ ಬಂಡವಾಳ ಆಡುವ ಮಾತೇ. ಅಂಕಿಯ ಜೊತೆಗೆ 'ನಾಳೆ ನರಸೀಪುರ, ಬನ್ನೂರು ಕಡೆ ಸೆಕೆ ಹೆಚ್ಚು, ಬೆವರು ಆರುವುದಿಲ್ಲ, ಗದ್ದೆ ಕೆಲಸ ತಂಪೊತ್ತಿನಲ್ಲಿ ಮುಗಿಸಿ' ಎಂದು ಹೇಳಿದರೆ ಯಾರಿಗೆ ಅರ್ಥವಾಗುವುದಿಲ್ಲ? 'ನಂಜನಗೂಡಿನ ಬೆದ್ದಲು ಸೀಮೆಯಲ್ಲಿ ಉರಿಬಿಸಿಲು, ಬೆವರು ಕಾಣದಿದ್ದರೂ ನೀರು ಕುಡಿಯುತ್ತಿರಿ' ಎಂದರೆ ಸಾಕು. ಈ ಆಡುಮಾತು ದೊಡ್ಡ ವಿಚಾರಗಳಿಗೆ ಸಾಲದು ಎಂದು ಯಾರೂ ಅನ್ನಲಾರರು. ನಂಜನಗೂಡು ತಾಲ್ಲೂಕಿನ ದೇವನೂರಿನ ದೇವನೂರ ಮಹಾದೇವ ಅವರು 'ಕುಸುಮಬಾಲೆ'ಯನ್ನು ಈ ಸೀಮೆಯ ನುಡಿಯಲ್ಲೇ ಬರೆದರು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥ ಕೃತಿಯನ್ನು ಹೊತ್ತ ನುಡಿ ನಾಳೆಯ ಬಿಸಿಲನ್ನು ಹೇಳಲಾರದೆ?

ಶಾಲೆಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ವಿನಂತಿ ಇದೇ ಜಾಡಿನದು. ಇಂಗ್ಲಿಷ್ ಪಟ್ಟಿಯನ್ನು ಕೊಡುವ ಹಿಂದಿನ ದಿನ ಮಕ್ಕಳಿಗೆ ಮನೆಯಿಂದ ಬಿಸಿಲಿನ ಮಾತುಗಳನ್ನು ಕೇಳಿ ಬರೆದುಕೊಂಡು ಬರಲು ಹೇಳಿ. ಯಾರು ಹೇಳಿದರು, ಯಾವ ಹೊತ್ತಿನ ಬಿಸಿಲಿಗೆ ಹೇಳಿದರು ಎಂಬುದೂ ಪಕ್ಕದಲ್ಲಿರಲಿ. ಗಾರೆ ಕೆಲಸದವರ ಮಗ ಒಂದು ತರುತ್ತಾನೆ, ಹುಳು ಸಾಕುವವರ ಮಗಳು ಇನ್ನೊಂದು ತರುತ್ತಾಳೆ, ಹೊಳೆಯಲ್ಲಿ ಬಟ್ಟೆ ಒಗೆಯುವವರ ಮನೆಯಿಂದ ಮತ್ತೊಂದು ಬರುತ್ತದೆ. ಆಮೇಲೆ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಅವುಗಳ ಪಕ್ಕ ಕೂರಿಸಿ. ಎಳೆಬಿಸಿಲಿನ ಪಕ್ಕ 'ವಾರ್ಮ್' ಕೂತೀತು. ತಂಪೊತ್ತಿಗೆ ಜೊತೆ ಸಿಗುವುದು ಕಷ್ಟ, ಆ ಜಾಗ ಖಾಲಿ ಇರಲಿ.

ಇನ್ನು ಎಲ್ಲರಿಗೂ ಸೇರಿದ ಒಂದು ಮಾತು. 'ಬಿಸಿಲು ಹೊಡೆದಿದೆ' ಎಂದು ನಾವು ಹಗುರವಾಗಿ ಹೇಳುವುದು ವೈದ್ಯರ ಲೆಕ್ಕದಲ್ಲಿ ಜೀವಕ್ಕೆ ಅಪಾಯ ತರುವ ಸ್ಥಿತಿಯಾಗಿರಬಹುದು. ಮೈಯೊಳಗಿನ ಕಾವು 40 ಡಿಗ್ರಿ ದಾಟಿ ತಾನಾಗಿ ಇಳಿಯದಂತೆ ಆಗುವುದು ಅದು. ಬಿಸಿಲಲ್ಲಿ ಕೆಲಸ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ, ಕರೆದರೆ ಸರಿಯಾಗಿ ಓಗೊಡದಿದ್ದರೆ, ತಡವರಿಸಿದರೆ ಅದೇ ದೊಡ್ಡ ಗುರುತು. ಬೆವರು ಪೂರ್ತಿ ನಿಂತು ಮೈ ಒಣಗಿ ಸುಡುತ್ತಿರಬಹುದು. ದುಡಿಯುತ್ತಿದ್ದವರಲ್ಲಿ ಬೆವರು ಸುರಿಯುತ್ತಿದ್ದೂ ಇದು ಆಗಬಹುದು, ಆದ್ದರಿಂದ ಬೆವರು ಇದೆಯೆಂದು ಸುಮ್ಮನಿರಬೇಡಿ. ಕೂಡಲೇ ನೆರಳಿಗೆ ಎತ್ತಿಕೊಂಡು ಹೋಗಿ, 108ಕ್ಕೆ ಕರೆ ಮಾಡಿ. ಬಟ್ಟೆ ಸಡಿಲಿಸಿ ಮೈಮೇಲೆಲ್ಲ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಅದು ಉಸಿರಿನ ದಾರಿಗೆ ಇಳಿಯಬಹುದು. ಪೂರ್ತಿ ಎಚ್ಚರ ಇದ್ದವರಿಗೆ ಉಪ್ಪು ಹಾಕಿದ ಮಜ್ಜಿಗೆಯನ್ನೋ ಓಆರ್‌ಎಸ್ ನೀರನ್ನೋ ಗುಟುಕು ಗುಟುಕಾಗಿ ಕೊಡಿ. ಆಸ್ಪತ್ರೆಯ ಗಾಡಿ ಬರುವವರೆಗೆ ನೀರು ಸುರಿಯುವುದನ್ನು ನಿಲ್ಲಿಸಬೇಡಿ.